ಗಿಫ್‌ಗೆ ‘ಕ್ವಾಲಿಟಿ 50’ ಕೊಟ್ಟರೂ ಗಾತ್ರ ಯಾಕೆ ಇಳಿಯಲ್ಲ?

ಪ್ರಶ್ನೆ: ಪೈಥಾನ್‌ನಲ್ಲಿ ಚಿತ್ರಗಳನ್ನು ತಿದ್ದುವ ಪಿಲ್ಲೋ ಲೈಬ್ರರಿಯಲ್ಲಿ ಒಂದು ಗಿಫ್ ಫೈಲನ್ನು ಚಿಕ್ಕದು ಮಾಡಲು ಹೊರಟೆ. ಸೇವ್ ಮಾಡುವಾಗ ‘ಆಪ್ಟಿಮೈಜ್’ ಅನ್ನು ಟ್ರೂ ಮಾಡಿದೆ, ‘ಕ್ವಾಲಿಟಿ’ 50 ಅಂತಲೂ ಕೊಟ್ಟೆ. ಗಾತ್ರ ಇಳಿಯೋದು ಹಾಗಿರಲಿ, ಮೊದಲಿಗಿಂತ ಜಾಸ್ತಿಯಾಯ್ತು! ಎಲ್ಲಿ ಎಡವಿದೆ?

ಉತ್ತರ: ಕ್ವಾಲಿಟಿ ಜೆಪೆಗ್ ಮನೆಯ ಮಾತು. ಗಿಫ್‌ನಲ್ಲಿ ಆ ತಿರುಪೇ ಇಲ್ಲ. ನೀವು 50 ಕೊಡಿ, 5 ಕೊಡಿ, ಪಿಲ್ಲೋ ತುಟಿಪಿಟಕ್ಕೆನ್ನದೆ ಅದನ್ನು ಬದಿಗಿಡುತ್ತದೆ. ಒಂದು ಎರರ್ ಆದರೂ ತೋರಿಸಿದ್ದರೆ ನಿಮ್ಮ ಅರ್ಧ ದಿನ ಉಳಿಯುತ್ತಿತ್ತು. ಇನ್ನು ಆಪ್ಟಿಮೈಜ್: ಹೆಸರು ದೊಡ್ಡದು, ಕೆಲಸ ಚಿಕ್ಕದು. ಬಣ್ಣದ ಪಟ್ಟಿಯಲ್ಲಿ ಬಳಕೆಗೆ ಬಾರದ ಬಣ್ಣಗಳನ್ನು ಕಿತ್ತುಹಾಕಲು ನೋಡುತ್ತದೆ, ಅಷ್ಟೆ.

ಗಿಫ್ 1987ರಲ್ಲಿ ಕಾಂಪ್ಯುಸರ್ವ್ ಕಂಪನಿ ತಂದ ಮಾದರಿ. ಒಂದು ಫ್ರೇಮಿಗೆ ಹೆಚ್ಚೆಂದರೆ 256 ಬಣ್ಣಗಳ ಒಂದು ಪಟ್ಟಿ. ಪ್ರತಿ ಪಿಕ್ಸೆಲ್ ಆ ಪಟ್ಟಿಯ ಒಂದು ಕ್ರಮಸಂಖ್ಯೆ. ಅದರ ಮೇಲೆ ಎಲ್‌ಝಡ್‌ಡಬ್ಲ್ಯು ಎಂಬ ಸಂಕೋಚನ. ಹಳೇ ಕಾಗದಪತ್ರಗಳಲ್ಲಿ ಅದೇ ಹೆಸರು ಮತ್ತೆ ಬಂದಾಗ ‘ಸದರಿಯವರು’ ಅಂತ ಬರೆದು ಮುಗಿಸುತ್ತಾರಲ್ಲ, ಇದೂ ಹಾಗೆಯೇ: ಒಮ್ಮೆ ಕಂಡ ಪಿಕ್ಸೆಲ್ ಸಾಲು ಮತ್ತೆ ಬಂದರೆ ಅದಕ್ಕೊಂದು ಚಿಕ್ಕ ಸಂಕೇತ. ಇದರಲ್ಲಿ ಏನೂ ನಷ್ಟವಾಗುವುದಿಲ್ಲ. ಹಾಗಾಗಿ ಗಾತ್ರ ಇಳಿಯಬೇಕಾದರೆ ಒಂದೋ ಪಿಕ್ಸೆಲ್ ಕಡಿಮೆಯಾಗಬೇಕು, ಇಲ್ಲವೇ ಪುನರಾವರ್ತನೆ ಹೆಚ್ಚಬೇಕು.

ಲೆಕ್ಕ ಹಾಕೋಣ. 800×600 ಅಳತೆಯ, ಸೆಕೆಂಡಿಗೆ 25 ಫ್ರೇಮಿನ, 10 ಸೆಕೆಂಡಿನ ಗಿಫ್ ಅಂದರೆ 250 ಫ್ರೇಮ್. ಒಂದೊಂದಕ್ಕೆ 4,80,000 ಪಿಕ್ಸೆಲ್, ಒಟ್ಟು 12 ಕೋಟಿ. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿ, ಒಂದು ಬಿಟ್ಟು ಒಂದು ಫ್ರೇಮ್ ಇಟ್ಟುಕೊಳ್ಳಿ: ಒಂದೂವರೆ ಕೋಟಿ. ಸಂಕೋಚನ ಶುರುವಾಗುವ ಮೊದಲೇ ಕೆಲಸ ಎಂಟರಲ್ಲೊಂದು ಭಾಗಕ್ಕೆ ಬಂತು. ಬೇರೆ ಯಾವ ಕಸರತ್ತೂ ಇಷ್ಟು ಸುಲಭವಾಗಿ ಇಷ್ಟು ಕೊಡುವುದಿಲ್ಲ. ಹಾಗಾಗಿ ಕೋಡ್ ಇಲ್ಲಿಂದಲೇ ಶುರುವಾಗಲಿ.

ಫ್ರೇಮ್ ತೆಗೆದಾಗ ಸಮಯ ಸರಿಪಡಿಸೋದನ್ನು ಮರೆಯಬೇಡಿ. ಮೊದಲು ಒಂದೊಂದು ಫ್ರೇಮ್ 40 ಮಿಲಿಸೆಕೆಂಡ್ ನಿಲ್ಲುತ್ತಿತ್ತು. ಈಗ ‘ಡ್ಯುರೇಶನ್’ 80 ಕೊಡಬೇಕು. ಇಲ್ಲದಿದ್ದರೆ ಮೂಕಿಚಿತ್ರದ ಜನರಂತೆ ಎಲ್ಲ ಓಡಾಡುತ್ತವೆ. ‘ಲೂಪ್’ 0 ಅಂತಲೂ ಬರೆಯಿರಿ, ಬಿಟ್ಟರೆ ಒಮ್ಮೆ ಓಡಿ ನಿಂತುಬಿಡುತ್ತದೆ. ಇನ್ನೊಂದು ಮಾತು: ಚೆನ್ನಾಗಿ ಹಿಂಡಿದ ಗಿಫ್‌ನಲ್ಲಿ ಎರಡನೇ ಫ್ರೇಮಿನಿಂದಾಚೆ ಪೂರ್ತಿ ಚಿತ್ರ ಇರುವುದಿಲ್ಲ, ಹಿಂದಿನದಕ್ಕಿಂತ ಬದಲಾದ ತುಂಡಷ್ಟೇ ಇರುತ್ತದೆ. ಪಿಲ್ಲೋ ಅವನ್ನು ಜೋಡಿಸಿ ಪೂರ್ತಿ ಚಿತ್ರವಾಗಿಯೇ ಕೈಗಿಡುತ್ತದೆ, ಚಿಂತೆಯಿಲ್ಲ. ಆದರೆ ಗಿಫ್‌ಗಳನ್ನು ತಿದ್ದುವ, ಹಿಂಡುವ ಗಿಫ್‌ಸಿಕಲ್ ಎಂಬ ಪ್ರೋಗ್ರಾಮಿನಲ್ಲಿ ಫ್ರೇಮ್ ತೆಗೆಯುವುದಾದರೆ ಮೊದಲು ‘ಅನ್‌ಆಪ್ಟಿಮೈಜ್’ ಮಾಡಿ ತುಂಡುಗಳನ್ನು ಪೂರ್ತಿ ಚಿತ್ರವಾಗಿಸಿಕೊಳ್ಳಿ, ಇಲ್ಲವಾದರೆ ಚಿತ್ರದಲ್ಲಿ ಹಳೇ ಚೂರುಗಳು ಅಂಟಿಕೊಂಡು ಉಳಿಯುತ್ತವೆ.

ಅಳತೆ ಇಳಿಸುವಾಗ ನಾನೂ ಒಮ್ಮೆ ಮುಗ್ಗರಿಸಿದ್ದೆ. ಕನ್ನಡ ಟೈಪಿಂಗ್ ಕಲಿಸುವ ಒಂದು ಸ್ಕ್ರೀನ್ ರೆಕಾರ್ಡಿಂಗ್. ಅರ್ಧಕ್ಕೆ ಇಳಿಸಿದ ಮೇಲೆ ನೋಡಿದರೆ ‘ರಾಷ್ಟ್ರ’ದ ಒತ್ತುಗಳನ್ನು ಇಲಿ ಕಡಿದ ಹಾಗಿತ್ತು. ಫಾಂಟಿನದ್ದೇ ತಪ್ಪು ಅಂತ ಎರಡು ಫಾಂಟ್ ಬದಲಿಸಿದೆ. ಕಾರಣ ಬೇರೆ: ಚಿತ್ರ ಬಣ್ಣದ ಪಟ್ಟಿಯ ರೂಪದಲ್ಲಿದ್ದರೆ ನೀವು ಲ್ಯಾಂಜೋಶ್ (ಬಣ್ಣ ಬೆರೆಸಿ ನಯವಾಗಿ ಅಳತೆ ಇಳಿಸುವ ವಿಧಾನ) ಅಂದರೂ ಪಿಲ್ಲೋ ಪಕ್ಕದ ಪಿಕ್ಸೆಲನ್ನೇ ಎತ್ತಿಕೊಳ್ಳುತ್ತದೆ, ನಡುವಿನ ಬಣ್ಣ ಬೆರೆಸುವುದಿಲ್ಲ. ಮೊದಲು ಆರ್‌ಜಿಬಿಗೆ, ಅಂದರೆ ಪ್ರತಿ ಪಿಕ್ಸೆಲ್ಲಿಗೂ ತನ್ನದೇ ಕೆಂಪು, ಹಸಿರು, ನೀಲಿ ಅಂಶಗಳಿರುವ ರೂಪಕ್ಕೆ ಬದಲಿಸಿ, ಆಮೇಲೆ ಅಳತೆ ಇಳಿಸಿ, ಕೊನೆಗೆ ಬಣ್ಣ ಕಡಿಮೆ ಮಾಡಿ. ಹಿನ್ನೆಲೆ ಪಾರದರ್ಶಕವಾಗಿದ್ದರೆ ಮಾತ್ರ ಈ ದಾರಿ ನೇರವಲ್ಲ, ಆರ್‌ಜಿಬಿಯಲ್ಲಿ ಅದು ಹೋಗಿಬಿಡುತ್ತದೆ.

ಈಗ ನಿಮ್ಮ ಫೈಲ್ ಉಬ್ಬಿದ್ದಕ್ಕೆ ಬರೋಣ. ಫ್ರೇಮ್‌ಗಳನ್ನು ಆರ್‌ಜಿಬಿಯಲ್ಲೇ ಸೇವ್ ಮಾಡಿದರೆ ಪ್ರತಿ ಫ್ರೇಮಿಗೂ ಹೊಸ ಬಣ್ಣದ ಪಟ್ಟಿ ಹುಟ್ಟುತ್ತದೆ. 256 ಬಣ್ಣಕ್ಕೆ ಮೂರು ಮೂರು ಬೈಟಿನಂತೆ 768 ಬೈಟ್. 125 ಫ್ರೇಮಿಗೆ 96,000 ಬೈಟ್. ಅದೂ ಹೋಗಲಿ ಅನ್ನಬಹುದಿತ್ತು. ನಿಜವಾದ ಹಾನಿ ಬೇರೆ: ಕದಲದೇ ನಿಂತ ಹಿನ್ನೆಲೆಯ ಬಣ್ಣವೂ ಫ್ರೇಮಿನಿಂದ ಫ್ರೇಮಿಗೆ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಕಣ್ಣಿಗೆ ಕಾಣದು, ಆದರೆ ‘ಬದಲಾಗಿಲ್ಲ, ಬಿಡು’ ಅನ್ನುವ ಅವಕಾಶ ತಪ್ಪಿತು. ಆದ್ದರಿಂದ ನಾಲ್ಕೈದು ಫ್ರೇಮ್‌ಗಳನ್ನು ಒಂದೇ ಚಿತ್ರದಲ್ಲಿ ಅಕ್ಕಪಕ್ಕ ಅಂಟಿಸಿ, ಅದನ್ನು ‘ಕ್ವಾಂಟೈಜ್’ ಮಾಡಿ, ಅಂದರೆ ಬಣ್ಣಗಳನ್ನು ಕೆಲವೇ ಕೆಲವಕ್ಕೆ ಇಳಿಸಿ, 64 ಬಣ್ಣದ ಒಂದು ಪಟ್ಟಿ ಪಡೆಯಿರಿ. ಎಲ್ಲ ಫ್ರೇಮಿಗೂ ಅದೇ ಪಟ್ಟಿ. ಸ್ಕ್ರೀನ್ ರೆಕಾರ್ಡಿಂಗಿಗೆ 32 ಬಣ್ಣವೂ ಸಾಕಾಗಬಹುದು.

ಕೋಡಿನಲ್ಲಿ ಕ್ವಾಂಟೈಜ್ ಮಾಡುವ ಅದೇ ಸಾಲಿನಲ್ಲಿ ‘ಡಿದರ್’ ಆಯ್ಕೆಗೆ ‘ನನ್’ (ಅಂದರೆ ಬೇಡ) ಕೊಡಿ. ಪಟ್ಟಿ ಕೊಟ್ಟು ಕ್ವಾಂಟೈಜ್ ಮಾಡಿದಾಗ ಪಿಲ್ಲೋ ತಾನಾಗಿಯೇ ಫ್ಲಾಯ್ಡ್–ಸ್ಟೈನ್‌ಬರ್ಗ್ ವಿಧಾನದಲ್ಲಿ ಚುಕ್ಕಿ ಚಿಮುಕಿಸಿ ಇಲ್ಲದ ಬಣ್ಣದ ಭ್ರಮೆ ಹುಟ್ಟಿಸುತ್ತದೆ. ಆ ಚುಕ್ಕಿಗಳು ‘ಸದರಿ’ ಲೆಕ್ಕವನ್ನೆಲ್ಲ ಕೆಡಿಸುತ್ತವೆ. ಸೂರ್ಯಾಸ್ತದ ಆಕಾಶದಂಥ ದೃಶ್ಯಕ್ಕೆ ಚುಕ್ಕಿ ಬೇಕೇ ಬೇಕು ಅನ್ನಿಸಿದರೆ ವಿಡಿಯೊ, ಗಿಫ್ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಮಿನಲ್ಲಿ ಬೇಯರ್ ವಿಧಾನವಿದೆ; ಅದರ ಚುಕ್ಕಿಗಳು ರಂಗೋಲಿಯಂತೆ ಒಂದೇ ಜಾಗದಲ್ಲಿ ನಿಲ್ಲುತ್ತವೆ.

ಇಷ್ಟಾದ ಮೇಲೆ ಫೈಲನ್ನು ಗಿಫ್‌ಸಿಕಲ್‌ಗೆ ಒಪ್ಪಿಸಿ, ಆಪ್ಟಿಮೈಜ್ ಹಂತ 3 ಕೊಡಿ. ನೀವು ಹುಡುಕುತ್ತಿದ್ದ ಕ್ವಾಲಿಟಿಯಂಥ ತಿರುಪು ಇರೋದೂ ಇಲ್ಲೇ, ಅದರ ಹೆಸರು ‘ಲಾಸಿ’. ಪುನರಾವರ್ತನೆ ಹೆಚ್ಚಲೆಂದು ಪಿಕ್ಸೆಲ್‌ಗಳನ್ನು ಬೇಕೆಂದೇ ತುಸು ಬದಲಿಸುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಫೈಲ್ ಚಿಕ್ಕದು, ಚಿತ್ರ ಮಾಸಲು. ನಾನು 30ರಿಂದ ಶುರುಮಾಡಿ ಅಕ್ಷರದ ಅಂಚಿನಲ್ಲಿ ಗೀರು ಕಾಣುವತನಕ ಏರಿಸುತ್ತೇನೆ, ಕಂಡ ಕೂಡಲೇ ಒಂದು ಹೆಜ್ಜೆ ಹಿಂದೆ.

ಒಂದು ಪ್ರಶ್ನೆ ನಾನೂ ಕೇಳಲೇ? ಅದು ಗಿಫ್ ಆಗಿಯೇ ಇರಬೇಕಾ? ನಿಮ್ಮದೇ ವೆಬ್ ಪುಟವಾದರೆ, ಮೂಲ ರೆಕಾರ್ಡಿಂಗ್ ಕೈಲಿದ್ದರೆ, ಎಂಪಿ4 ಮಾಡಿ ವಿಡಿಯೊ ಟ್ಯಾಗ್‌ನಲ್ಲಿ ಹಾಕಿ. ಆಟೋಪ್ಲೇ, ಲೂಪ್ ಜೊತೆಗೆ ‘ಮ್ಯೂಟೆಡ್’ ಇರಲೇಬೇಕು, ಇಲ್ಲದಿದ್ದರೆ ಬ್ರೌಸರ್ ತಾನಾಗಿ ಓಡಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಐಫೋನಿಗಾಗಿ ‘ಪ್ಲೇಸ್‌ಇನ್‌ಲೈನ್’ ಸೇರಿಸಿ, ಇಲ್ಲವಾದರೆ ವಿಡಿಯೊ ಪುಟದೊಳಗೆ ನಿಲ್ಲದೆ ಪರದೆ ತುಂಬ ಹರಡಿಕೊಳ್ಳುತ್ತದೆ.