ಎರಡೇ ಎಲೆಕ್ಟ್ರಾನಿನ ಅಂತರ: ಚಿನ್ನದ ಗೊಂಚಲುಗಳು ಅಣುವಾದ ಬಗೆ

1984ರಲ್ಲಿ ಬರ್ಕ್ಲಿಯ ವಾಲ್ಟರ್ ನೈಟ್ ತಂಡ ಸೋಡಿಯಂ ಆವಿಯನ್ನು ತಣಿಸಿ, ಹುಟ್ಟಿದ ಗೊಂಚಲುಗಳನ್ನು ರಾಶಿವಾರು ಎಣಿಸಿತು. 8, 20, 40, 58 ಪರಮಾಣುಗಳವು ಎದ್ದು ಕಂಡವು. ಪ್ರತಿ ಸೋಡಿಯಂ ಕೊಡುವ ಒಂದು ಎಲೆಕ್ಟ್ರಾನ್ ಇಡೀ ಗೊಂಚಲಿನದಾಗುತ್ತದೆ. ಅವೆಲ್ಲ ಸೇರಿ ಎಸ್, ಪಿ, ಡಿ ಕವಚಗಳನ್ನು ತುಂಬುತ್ತವೆ. ಗೊಂಚಲೇ ಪರಮಾಣುವಿನಂತೆ ನಡೆದುಕೊಳ್ಳುವುದರಿಂದ ಮುಂದೆ ಇದಕ್ಕೆ ಸೂಪರ್‌ಆಟಂ ಎಂಬ ಹೆಸರು ಬಂತು.

ನಿರ್ವಾತದಲ್ಲಷ್ಟೇ ಬದುಕುವ ಗೊಂಚಲಿನಿಂದ ಏನು ಕಟ್ಟಲಾದೀತು? ಸೀಸೆಯಲ್ಲಿಡಬಲ್ಲದ್ದು ಸಿಕ್ಕಿದ್ದು ಚಿನ್ನಕ್ಕೆ ಥಯೋಲ್ (ಗಂಧಕವಿರುವ ಸಾವಯವ ಅಣು; ಹೈಡ್ರೋಜನ್ ಕಳೆದುಕೊಂಡು ಚಿನ್ನಕ್ಕೆ ಅಂಟಿದಾಗ ಥಯೋಲೇಟ್) ಹೊದಿಸಿದ ಮೇಲೆ. 25 ಚಿನ್ನ, 18 ಥಯೋಲೇಟ್‌ಗಳ ಗೊಂಚಲಿನ ಹರಳು ರಚನೆ 2008ರಲ್ಲಿ ಬಯಲಾಯಿತು: ನಡುವೆ 13 ಚಿನ್ನದ ತಿರುಳು, ಸುತ್ತ ಆರು ಕೊಂಡಿ. ಹನ್ನು ಹ್ಯಾಕಿನೆನ್ ಮತ್ತು ಸಂಗಡಿಗರು ಅದೇ ವರ್ಷ ಕೊಟ್ಟ ಲೆಕ್ಕ ಸರಳ. ಪ್ರತಿ ಚಿನ್ನ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಪ್ರತಿ ಥಯೋಲೇಟ್ ಒಂದನ್ನು ಕಸಿಯುತ್ತದೆ. ಚಿನ್ನದ ಸಂಖ್ಯೆಯಲ್ಲಿ ಥಯೋಲೇಟ್‌ಗಳನ್ನೂ ವಿದ್ಯುದಂಶವನ್ನೂ ಕಳೆಯಿರಿ. ಇದು ಋಣ ಅಯಾನು, ಹಾಗಾಗಿ 25−18+1, ಅಂದರೆ 8: ತುಂಬಿದ ಕವಚ.

ತಯಾರಿಯಲ್ಲಿ ತಾಳ್ಮೆಯೇ ಮುಖ್ಯ. ಚಿನ್ನದ ಲವಣಕ್ಕೆ ಐದಾರು ಪಟ್ಟು ಥಯೋಲ್ ಹಾಕಿದಾಗ ಬಣ್ಣ ಇಳಿದು ದ್ರಾವಣ ತಿಳಿಯಾಗಬೇಕು. ಆಮೇಲೆ ಹಿಮದಷ್ಟು ತಣ್ಣನೆಯ ನೀರಲ್ಲಿ ಕರಗಿಸಿದ ಹತ್ತು ಪಟ್ಟು ಸೋಡಿಯಂ ಬೋರೋಹೈಡ್ರೈಡ್ ಒಮ್ಮೆಲೇ ಸುರಿಯಬೇಕು. ತಕ್ಷಣ ಕಪ್ಪಾಗುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಕೈಗೆ ಬರುವುದು ಬಗೆಬಗೆ ಗಾತ್ರದ ಕಲಬೆರಕೆ. ಗಂಟೆಗಟ್ಟಲೆ ಕಲಕುತ್ತಿದ್ದರೆ ಉಳಿದ ಥಯೋಲ್ ಅಸ್ಥಿರವಾದವನ್ನು ಕೊರೆದು ತಿನ್ನುತ್ತದೆ. ಬೆಳಕು ಹೀರುವ ರೋಹಿತದಲ್ಲಿ 680 ನ್ಯಾನೋಮೀಟರ್ ಬಳಿ ಉಬ್ಬು ಕಂಡರೆ ಗೆದ್ದಂತೆ. 520ರಲ್ಲಿ ಕಂಡರೆ ದೊಡ್ಡ ಕಣಗಳು ಬೆಳೆದಿವೆ. ಕೆಂಗಂದು ದ್ರಾವಣ ಹಸಿರಿಗೆ ತಿರುಗಿದರೆ ಗಾಳಿ ಒಂದು ಎಲೆಕ್ಟ್ರಾನ್ ಕಸಿದಿದೆ ಎಂದರ್ಥ: ಈಗ ಅಲ್ಲಿರುವುದು 7.

ಇಂಥ ಎರಡು ತಿರುಳುಗಳನ್ನು ಬೆಸೆದರೆ? 38 ಚಿನ್ನ, 24 ಥಯೋಲೇಟ್‌ಗಳ ಗೊಂಚಲಲ್ಲಿ ತಿರುಳುಗಳು ಒಂದು ತ್ರಿಕೋನ ಮುಖವನ್ನು ಹಂಚಿಕೊಳ್ಳುತ್ತವೆ: 13+13−3, ಒಟ್ಟು 23. ಎಲೆಕ್ಟ್ರಾನು 14. ಫ್ಲೋರೀನ್ ಅಣುವಿನ ಹೊರಕವಚದಲ್ಲೂ ಅಷ್ಟೇ, ಹಾಗಾಗಿ ಇಲ್ಲಿ ನಿಜವಾದ ಬಂಧವಿದೆ. ಒಂದೇ ತುದಿ ಹಂಚಿಕೊಂಡ ಕಡ್ಡಿಯಾಕಾರದ ಗೊಂಚಲಿನದು ಬೇರೆ ಕಥೆ. ಅದರಲ್ಲಿ 25 ಚಿನ್ನ, 10 ಫಾಸ್ಫೀನ್ (ರಂಜಕದ ಸಂಯುಕ್ತ), 5 ಥಯೋಲೇಟ್, 2 ಕ್ಲೋರಿನ್, ಧನ ವಿದ್ಯುದಂಶ 2. ಫಾಸ್ಫೀನನ್ನೂ ಕಳೆದು ಎಡವುವವರು ಹಲವರು; ಅದು ಎಲೆಕ್ಟ್ರಾನ್ ಕಸಿಯದು. 25−5−2−2, ಉಳಿಯುವುದು 16. ತಲಾ 8 ತುಂಬಿದ ಎರಡು ನಿಯಾನ್ ಪಕ್ಕಪಕ್ಕ ಕೂತಂತೆ, ನಡುವೆ ಬಂಧವೇ ಇಲ್ಲ. ಸೊಂಟದ ಸುತ್ತಲಿನ ಐದು ಥಯೋಲೇಟ್‌ಗಳೇ ಜೋಡಿಯನ್ನು ಹಿಡಿದಿಟ್ಟಿವೆ. ಹಾಗಾಗಿ ಆಕಾರ ನೋಡಿ ಅಣು ಎನ್ನುವುದು ಅವಸರ.

ವಿನ್ಯಾಸದ ಇನ್ನೊಂದು ದಾರಿ 25 ಚಿನ್ನದ ಮೊದಲ ಗೊಂಚಲಿನ ನಟ್ಟನಡುವಿನ ಪರಮಾಣುವನ್ನೇ ಬದಲಿಸುವುದು. ಅಲ್ಲಿ ಪಲ್ಲಾಡಿಯಂ ಕೂತರೆ ಅದರ ಪಾಲು ಸೊನ್ನೆ. ವಿದ್ಯುದಂಶವಿಲ್ಲದ ಗೊಂಚಲಲ್ಲಿ 24−18, ಬರೀ 6. ಮೂರು ಪಿ ಕಕ್ಷಕಗಳಲ್ಲಿ ಒಂದು ಖಾಲಿ. ಉರುಟು ತಿರುಳು ತುಸು ಚಪ್ಪಟೆಯಾಗುತ್ತದೆ.