ಏಸಿ ಗಾಳಿ ಕಮ್ಮಿಯಾದರೆ ಗ್ಯಾಸ್ ಮುಗಿದಿದೆ ಅಂತಲ್ಲ

ಮುಂಬೈಯಲ್ಲಿ ಮೇ ತಿಂಗಳು ಬಂತೆಂದರೆ ಕಾರಿರುವವರ ಬಾಯಲ್ಲಿ ಒಂದೇ ಮಾತು: "ಏಸಿ ಗ್ಯಾಸ್ ಹಾಕಿಸ್ಬೇಕು." ಗಾಳಿ ಬರ್ತಿಲ್ವಾ? ಗ್ಯಾಸ್. ವಾಸನೆ ಬರ್ತಿದೆಯಾ? ಅದಕ್ಕೂ ಗ್ಯಾಸ್. ಎಲೆಕ್ಟ್ರಿಕ್ ಕಾರು ಬಂದ ಮೇಲೆ ಇನ್ನೊಂದು ಮಾತು ಸೇರಿಕೊಂಡಿದೆ. ಬ್ಯಾಟರಿ ಚಾರ್ಜ್ ಇಳಿದಿದೆ, ಅದಕ್ಕೇ ಫ್ಯಾನ್ ಸುಸ್ತಾಗಿದೆ ಅಂತ. ಇದನ್ನು ನಂಬಿ ಜನ ಸುಮ್ನೆ ದುಡ್ಡು ಸುರಿಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗ್ಯಾಸಿಗೆ ಗಾಳಿ ತಳ್ಳುವ ಕೆಲಸವೇ ಇಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಕಾರಿನೊಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಅಷ್ಟೇ. ಮುಖಕ್ಕೆ ಬಡಿಯುವ ಗಾಳಿ ಡ್ಯಾಶ್‌ಬೋರ್ಡ್ ಒಳಗಿರುವ ಬ್ಲೋವರ್ ಅನ್ನುವ ಫ್ಯಾನಿನದು. ಗಾಳಿ ಜೋರಾಗಿದ್ದೂ ತಂಪಿಲ್ಲ ಅಂದರೆ ಗ್ಯಾಸ್, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕಡೆ ನೋಡಿ. ತಂಪಿದೆ, ಗಾಳಿಯೇ ಇಲ್ಲ ಅಂದರೆ ಹೆಚ್ಚಾಗಿ ಗಾಳಿಯ ದಾರಿಗೆ ಏನೋ ಅಡ್ಡ ಬಂದಿದೆ. ಬ್ಯಾಟರಿಯ ಮಾತೂ ಅಷ್ಟೇ. ಬ್ಲೋವರ್ ಸಾಮಾನ್ಯವಾಗಿ ಓಡುವುದು 12 ವೋಲ್ಟ್ ಲೈನಿನಲ್ಲಿ. ಕಾರು ಓಡಿಸುವ ದೊಡ್ಡ ಬ್ಯಾಟರಿ 80 ಪರ್ಸೆಂಟ್ ಇರಲಿ, 30 ಇರಲಿ, ನಡುವೆ ಇರುವ ಕನ್ವರ್ಟರ್ ಆ ಲೈನನ್ನು ಒಂದೇ ಮಟ್ಟದಲ್ಲಿ ಇಡುತ್ತದೆ.

ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿರುವ ಕಾರ್ಕಳ ಕಡೆಯ ಶೆಟ್ರೊಬ್ಬರು ತಮ್ಮ ಕಾರಿನ ಬಗ್ಗೆ ಹೇಳಿದ್ದು: "ಮಾರಾಯ್ರೆ, ಮೋಟರು ಬೊಬ್ಬೆ ಹೊಡೀತದೆ, ಗಾಳಿ ಮಾತ್ರ ಇಲ್ಲ. ಅದಕ್ಕೆ ಕಷ್ಟ ಆಗ್ತಾ ಉಂಟು." ಗ್ಲವ್ ಬಾಕ್ಸ್ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದು, ಒಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದೆವು. ಬಿಳಿ ಇರಬೇಕಾದದ್ದು ಬೂದಿ ಬಣ್ಣ. ಮಡಿಕೆ ಮಡಿಕೆಯಲ್ಲೂ ಮೆಟ್ರೋ ಕೆಲಸದ ಸಿಮೆಂಟ್ ಧೂಳು, ಗುಲ್‌ಮೊಹರಿನ ಪುಟ್ಟ ಎಲೆಗಳು, ಒಂದು ಮೂಲೆಯಲ್ಲಿ ಇಲಿ ತಂದಿಟ್ಟ ನೆಲಗಡಲೆ ಸಿಪ್ಪೆ. ಕೆಲವು ನೂರು ರೂಪಾಯಿಯ ಹೊಸ ಫಿಲ್ಟರ್ ಹಾಕಿದ ಕೂಡಲೇ ಗಾಳಿ ಬಂತು.

ನನಗೆ ಇಷ್ಟವಾಗುವುದು ಆ ಬೊಬ್ಬೆ. ಮೋಟರಿಗೆ ಕಷ್ಟವಾಗಿ ಕೂಗುತ್ತಿದೆ ಅಂತ ಎಲ್ಲರಿಗೂ ಅನಿಸುತ್ತದೆ, ಆದರೆ ಅಲ್ಲಿ ನಡೆಯುವುದು ಉಲ್ಟಾ. ಬ್ಲೋವರ್ ಅಂದರೆ ಸುತ್ತಲೂ ರೆಕ್ಕೆಗಳಿರುವ ಡ್ರಮ್ಮು. ನಡುವಿನಿಂದ ಒಳಬಂದ ಗಾಳಿಯನ್ನು ರೆಕ್ಕೆಗಳು ವೇಗ ಕೊಟ್ಟು ಅಂಚಿನಿಂದ ಹೊರಗೆ ಎಸೆಯುತ್ತವೆ. ಗಾಳಿಗೂ ತೂಕವಿದೆ, ಒಂದು ಘನ ಮೀಟರಿಗೆ ಸುಮಾರು 1.2 ಕಿಲೋ. ಆ ತೂಕಕ್ಕೆ ಮತ್ತೆ ಮತ್ತೆ ವೇಗ ಕೊಡುವುದೇ ಮೋಟರಿನ ಮೇಲಿರುವ ಭಾರ. ದಾರಿ ಕಟ್ಟಿಕೊಂಡರೆ ಹೊಸ ಗಾಳಿ ಒಳಗೆ ಬರುವುದಿಲ್ಲ, ಡ್ರಮ್ಮಿನಲ್ಲಿರುವ ಅದೇ ಗಾಳಿ ರೆಕ್ಕೆಗಳ ಜೊತೆ ಸುಮ್ಮನೆ ತಿರುಗುತ್ತಿರುತ್ತದೆ. ಎಸೆಯುವ ಕೆಲಸ ಕಮ್ಮಿ, ಎಳೆಯುವ ಕರೆಂಟೂ ಕಮ್ಮಿ, ಭಾರ ಹಗುರಾದ ಮೋಟರಿನ ಸುತ್ತು ಸ್ವಲ್ಪ ಜಾಸ್ತಿ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಅಂಗೈ ಒತ್ತಿ ನೋಡಿ, ದನಿ ತಟ್ಟನೆ ಏರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ ಸದ್ದಿಲ್ಲವಲ್ಲ, ಆ ಕೀರಲು ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಂತ ಬಿಟ್ಟುಬಿಡಬೇಡಿ. ಬಹಳ ಕಾರುಗಳಲ್ಲಿ ಮೋಟರಿಗೂ ಅದರ ಕಂಟ್ರೋಲರಿಗೂ ತಂಪು ಸಿಗುವುದು ಅದೇ ಗಾಳಿಯಿಂದ.

ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿದಾಗ ಗಾಳಿ ಜೋರಾದರೆ, ಅಡ್ಡ ಇರುವುದು ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ. ಅಲ್ಲಿ ಎಲೆ ತುಂಬಿರುತ್ತದೆ. ಎರಡರಲ್ಲೂ ಅಷ್ಟೇ ಇದ್ದರೆ ಫಿಲ್ಟರ್, ಗಾಳಿಯನ್ನು ತಂಪು ಮಾಡುವ ಕಾಯಿಲ್ ಅಥವಾ ಬ್ಲೋವರ್. ಕಾಲಿಗೆ ಜೋರು, ಮುಖಕ್ಕೆ ಇಲ್ಲ ಅಂದರೆ ದಾರಿ ಬದಲಿಸುವ ಫ್ಲ್ಯಾಪ್ ಸಿಕ್ಕಿಕೊಂಡಿದೆ.

ಫಿಲ್ಟರ್ ಹೊಸದಾದರೂ ಗಾಳಿ ಬರದಿದ್ದರೆ ಕಾಯಿಲ್ ಮೇಲೆ ಸಂಶಯಪಡಿ. ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ 1902ರಲ್ಲಿ ಏಸಿಯ ವಿನ್ಯಾಸ ಮಾಡಿದ್ದು ಜನರನ್ನು ತಂಪಾಗಿಡಲು ಅಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದ ಗಾಳಿಯಿಂದ ತೇವ ತೆಗೆಯಲು. ಮುಂಬೈಯ ಸಮುದ್ರದ ಗಾಳಿಯಲ್ಲಿ ನಮ್ಮ ಕಾರಿನ ಏಸಿಯೂ ದಿನವಿಡೀ ಆ ಕೆಲಸ ಮಾಡುತ್ತಿರುತ್ತದೆ. ತಣ್ಣನೆಯ ಕಾಯಿಲ್ ಮೇಲೆ ನೀರು ಕೂರುತ್ತದೆ, ಫಿಲ್ಟರ್ ತಪ್ಪಿಸಿಕೊಂಡು ಬಂದ ಧೂಳು ಅದಕ್ಕೆ ಅಂಟುತ್ತದೆ, ಆಮೇಲೆ ಬೂಷ್ಟು. ಮನೆ ಹತ್ತಿರ ಬರುವಾಗ ಏಸಿ ಬಂದ್ ಮಾಡಿ ಫ್ಯಾನ್ ಮಾತ್ರ ಸ್ವಲ್ಪ ಹೊತ್ತು ಓಡಿಸಿದರೆ ಕಾಯಿಲ್ ಒಣಗುತ್ತದೆ. 1940ರ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಕಾಯಿಲ್ ಡಿಕ್ಕಿಯ ಕಡೆ ಇತ್ತು, ಏಸಿ ನಿಲ್ಲಿಸಬೇಕಾದರೆ ಬಾನೆಟ್ ಎತ್ತಿ ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು. ನಮಗೆ ಒಂದು ಬಟನ್ ಒತ್ತಲು ಬೇಸರ!

ಗ್ಯಾಸಿಗೂ ಗಾಳಿಗೂ ಸಂಬಂಧ ಬರುವುದು ಒಂದು ಕಡೆ ಮಾತ್ರ. ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೊರಟಾಗ ಗಾಳಿ ಚೆನ್ನಾಗಿದ್ದು, ಲೋಣಾವಳಾ ಹತ್ತಿರ ಬರುವಷ್ಟರಲ್ಲಿ ಕುಗ್ಗಿ, ಏಸಿ ನಿಲ್ಲಿಸಿ ಫ್ಯಾನ್ ಮಾತ್ರ ಬಿಟ್ಟರೆ ಮತ್ತೆ ಸರಿಯಾಗುತ್ತಾ? ಹಾಗಾದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಕಾಯಿಲಿನ ಸೆನ್ಸರ್ ಕೆಟ್ಟಿರಬಹುದು, ಅಥವಾ ಗ್ಯಾಸ್ ಕಮ್ಮಿಯಾಗಿ ಒತ್ತಡ ಇಳಿದು ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುತ್ತಿರಬಹುದು.

ಆಗಲೂ ರಸ್ತೆ ಬದಿಯ ಗ್ಯಾಸ್‌ವಾಲಾ ಹತ್ತಿರ ಹೋಗಬೇಡಿ. ಎಲೆಕ್ಟ್ರಿಕ್ ಕಾರಿನ ಕಂಪ್ರೆಸರಿಗೆ ಬೆಲ್ಟ್ ಇಲ್ಲ, ಒಳಗೇ ಮೋಟರ್ ಇದೆ. ಸಾಮಾನ್ಯವಾಗಿ 300-400 ವೋಲ್ಟ್ ಹರಿಯುವ ಅದರ ತಂತಿಸುರುಳಿಗಳು ಅದೇ ಗ್ಯಾಸ್ ಮತ್ತು ಎಣ್ಣೆಯಲ್ಲಿ ಮುಳುಗಿರುತ್ತವೆ. ಅದಕ್ಕೇ ಹೆಚ್ಚಿನವಕ್ಕೆ ಕರೆಂಟ್ ಸೋರಲು ಬಿಡದ ಪಿಓಇ ಎಣ್ಣೆ ಹಾಕಿರುತ್ತಾರೆ. ಪೆಟ್ರೋಲ್ ಕಾರಿನ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಷನ್ ಇಳಿಯುತ್ತದೆ, ಕಾರು ದೋಷ ತೋರಿಸಿ ಸ್ಟಾರ್ಟ್ ಆಗದೇ ನಿಲ್ಲಬಹುದು. ಗ್ಯಾಸ್ ತುಂಬುವ ಮೆಷಿನಿನ ಪೈಪಿನಲ್ಲಿ ಹಿಂದಿನ ಕಾರಿನ ಎಣ್ಣೆ ಉಳಿದಿರುವುದೂ ಉಂಟು. ಯಾವ ಎಣ್ಣೆ, ಪೈಪ್ ತೊಳೆದಿದ್ದೀರಾ ಅಂತ ಮೊದಲೇ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಬಾನೆಟ್ ತೆರೆಯಲು ಬಿಡಬೇಡಿ.