ರೊಬಸ್ಟಾ ದರ: ಲಂಡನ್ನಿನಿಂದ ಕಣದವರೆಗೆ

ಕೊಡಗಿನ ರೊಬಸ್ಟಾ ಕಾಫಿಯ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ, ಬೆಲೆ ಏರಿದ್ದರಲ್ಲಿ ಚೀನಾದವರ ಹಣ್ಣಿನ ರುಚಿಗೂ ಪಾಲಿದೆ. ಅಲ್ಲಿ ಡುರಿಯನ್ ಹಣ್ಣಿಗೆ ಗಿರಾಕಿ ಕುದುರಿದ್ದರಿಂದ ವಿಯೆಟ್ನಾಂನ ಡಾಕ್ ಲಾಕ್ ಸುತ್ತಿನ ಅನೇಕ ರೈತರು ಕಾಫಿ ಕಿತ್ತು ಅದನ್ನೇ ಹಾಕಿದರು. ಉಳಿದ ಕಾಫಿಗೆ 2023-24ರಲ್ಲಿ ಬರ ಬಡಿಯಿತು. ರೊಬಸ್ಟಾದಲ್ಲಿ ಜಗತ್ತಿಗೇ ಮೊದಲಾದ ದೇಶದ ಫಸಲು ಕುಸಿದರೆ ಪೇಟೆ ಸುಮ್ಮನಿರುತ್ತದೆಯೇ? 2024ರ ಸೆಪ್ಟೆಂಬರ್‌ನಲ್ಲಿ ಲಂಡನ್ ವಾಯಿದಾ ದರ (ಮುಂದೆ ಕೊಡುವ ಸರಕಿಗೆ ಈಗಲೇ ಕುದುರಿಸುವ ದರ) ಟನ್ನಿಗೆ 5,000 ಡಾಲರ್ ದಾಟಿತು.

ಆ ದರವನ್ನು ನಮ್ಮ 50 ಕಿಲೋ ಚೀಲಕ್ಕೆ ಇಳಿಸುವ ಲೆಕ್ಕ ಪ್ರತಿ ಬೆಳೆಗಾರರಿಗೂ ಬಾಯಿಪಾಠವಿರಬೇಕು. ಲಂಡನ್ ದರ 4,000 ಡಾಲರ್, ಡಾಲರಿಗೆ 85 ರೂಪಾಯಿ ಎಂದುಕೊಳ್ಳಿ. ಸಿಪ್ಪೆ ಸುಲಿದ ಬೇಳೆ ಕಾಫಿ ಕಿಲೋಗೆ 340 ರೂಪಾಯಿ ಆಯಿತು. 50 ಕಿಲೋ ಚೆರಿಯಲ್ಲಿ ಎಷ್ಟು ಕಿಲೋ ಬೇಳೆ ಬರುತ್ತದೋ ಅದೇ ಓಟಿ (ಔಟ್‌ಟರ್ನ್). ಓಟಿ 28 ಇದ್ದರೆ ಚೀಲಕ್ಕೆ 9,520 ರೂಪಾಯಿ. ಗುಣಮಟ್ಟಕ್ಕೆ ಸಿಗುವ ಹೆಚ್ಚುವರಿಯನ್ನು ಇದಕ್ಕೆ ಕೂಡಿ, ಕ್ಯೂರಿಂಗ್ (ಸಿಪ್ಪೆ ಸುಲಿದು ಹಸನು ಮಾಡುವುದು), ಸಾಗಣೆ, ವ್ಯಾಪಾರಿಯ ಲಾಭ ಕಳೆದರೆ ಕೈಗೆ ಬರುವ ಹಣ.

ಲಂಡನ್ನಿನಲ್ಲಿ 100 ಡಾಲರ್ ಬಿದ್ದರೆ ಈ ಚೀಲದಲ್ಲಿ 238 ರೂಪಾಯಿ ಹೋಗುತ್ತದೆ. ಡಾಲರ್ ಒಂದು ರೂಪಾಯಿ ಇಳಿದರೆ 112. ಓಟಿ 28ರಿಂದ 26ಕ್ಕೆ ಇಳಿದರೆ ಮಾತ್ರ 680 ರೂಪಾಯಿ ಖೋತಾ! ಲಂಡನ್ ದರ ನೋಡುವಷ್ಟೇ ಆಸ್ಥೆಯಿಂದ ತೋಟವನ್ನೂ ಕಾಫಿ ಒಣಗಿಸುವ ಕಣವನ್ನೂ ನೋಡಿ ಎನ್ನುವುದು ಇದಕ್ಕೇ. ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಬಾಚಿ ಕೊಯ್ದರೆ ಕಾಳು ಹಗುರ. ಹೂಮಳೆಯ ನಂತರದ ಮಳೆ ಕೈಕೊಟ್ಟು ನೀರೂ ಹಾಯಿಸದಿದ್ದರೆ ಜೊಳ್ಳು ಹೆಚ್ಚು. ಮಾರುವ ಮೊದಲು ನಾವೇ ಒಂದು ಕಿಲೋ ಚೆರಿ ಸುಲಿದು ಬೇಳೆ ತೂಗಿ, 50ರಿಂದ ಗುಣಿಸಿದರೆ ಓಟಿ ಗೊತ್ತಾಗುತ್ತದೆ. ಬೇರೆ ಬೇರೆ ಚೀಲದಿಂದ ತೆಗೆದ ಮಾದರಿಯಾಗಿರಲಿ. ಮೇಲಿನ ಒಂದೇ ಚೀಲದ್ದು ಮೋಸ ಮಾಡುತ್ತದೆ.

ಲಂಡನ್ ಏರಿದರೂ ಊರಿನ ದರ ಏರದ ದಿನಗಳುಂಟು. ಆಗ ಹಡಗಿನ ಕಡೆ ನೋಡಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಇಟಲಿಯಂಥ ದೇಶಗಳಿಗೆ ಹೋಗುವ ಅನೇಕ ಹಡಗುಗಳು ಆಫ್ರಿಕಾದ ತುದಿ ಬಳಸಿ ಸಾಗಿದವು. ಬಾಡಿಗೆ ಏರಿತು, ರಫ್ತುದಾರರ ಹಣ ವಾರಗಟ್ಟಲೆ ಸಿಕ್ಕಿಬಿದ್ದಿತು. ಆ ಬಡ್ಡಿಯ ಭಾರ ಖರೀದಿ ದರದ ಮೇಲೂ ಬೀಳುತ್ತದೆ.

ಪಯಣ ಉದ್ದವಾದಷ್ಟೂ ತೇವದ ಅಪಾಯ ಹೆಚ್ಚು. ಸರಿಯಾಗಿ ಒಣಗದ ಕಾಫಿ ಕಂಟೇನರಿನೊಳಗೆ ಬೆವರುತ್ತದೆ; ರಾತ್ರಿ ತಣ್ಣಗಾದಾಗ ತಗಡಿನ ಮಾಡಿನಿಂದ ಹನಿ ಬಿದ್ದು ಮೇಲಿನ ಚೀಲಗಳಿಗೆ ಬೂಷ್ಟು ಹಿಡಿಯುತ್ತದೆ. ಚೆರಿ ಶೇ. 11ರ ತೇವಕ್ಕೆ ಇಳಿಯಲಿ. ಹಿಡಿ ತುಂಬ ತೆಗೆದು ಕಿವಿಯ ಹತ್ತಿರ ಅಲುಗಿಸಿದಾಗ ಗಲಗಲ ಎನ್ನದಿದ್ದರೆ ಇನ್ನೂ ಬಿಸಿಲು ಬೇಕು.